ವಿಧೇಯಳು, ಮೃದುಭಾಷಿ

ಸೇನೆಯ ಮೀಸಲು ಪಡೆಗೆ ಪೈಲಟ್‌ಗಳು ಬೇಕೆಂಬ ಪ್ರಕಟಣೆ ಬಂದಾಗ ನಾನು ಒಂದು ಖಾಸಗಿ ಕಂಪನಿಯಲ್ಲಿ ಸಣ್ಣ ವಿಮಾನ ಹಾರಿಸಲು ತೊಡಗಿ ಒಂಬತ್ತು ವರ್ಷಗಳಾಗಿದ್ದವು. ನಾನು ಹುಟ್ಟಿದ್ದು ನೈರೋಬಿಯಲ್ಲೇ, ಪಾಸ್‌ಪೋರ್ಟೂ ಈ ದೇಶದ್ದೇ. ಎಂದಿನಂತೆ ಕಂಪನಿಯ ಕೆಲಸ, ಕರೆ ಬಂದಾಗ ಸೇನೆಯ ಕೆಲಸ. ನನಗೆಂದೇ ಹೇಳಿಮಾಡಿಸಿದಂತಿತ್ತು.

ಲೈಸೆನ್ಸ್, ಹಾರಾಟದ ಗಂಟೆಗಳನ್ನು ಬರೆದಿಟ್ಟ ಲಾಗ್‌ಬುಕ್, ವೈದ್ಯರ ಪ್ರಮಾಣಪತ್ರ, ಪೊಲೀಸರ ಸನ್ನಡತೆಯ ಪತ್ರ ಎಲ್ಲವನ್ನೂ ಓಡಾಡಿ ಒಟ್ಟು ಮಾಡಿದೆ. ಉಳಿದದ್ದು ಐದು ವರ್ಷಕ್ಕೂ ಹೆಚ್ಚಿನ ಪರಿಚಯವಿರುವ, ಸಂಬಂಧಿಕರಲ್ಲದ ಒಬ್ಬರ ಶಿಫಾರಸು ಪತ್ರ. ಶಾಲೆಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ನೈರೋಬಿಯಲ್ಲೇ, ಪಂಗಾನಿ ಬಡಾವಣೆಯಲ್ಲಿದ್ದರು. ಮೈಸೂರಿನವರು, ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ವಿಮಾನ ಹಾರುವುದು ಹೇಗೆಂದು ಮೊದಲು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೇ ಅವರು. ಹೋಗಿ ಕೇಳಿದೆ. "ಇದನ್ನೂ ಕೇಳ್ಬೇಕೇನಮ್ಮ, ಶನಿವಾರ ಬಾ" ಅಂದರು.

ಶನಿವಾರ ಲಕೋಟೆ ಕೊಟ್ಟರು, ಅವರ ಹೆಂಡತಿ ಕಾಫಿ ಕೊಟ್ಟರು. ವಾಪಸು ಬರುವಾಗ ಮಟಾಟು ವ್ಯಾನಿನಲ್ಲಿ ಇತರ ಪ್ರಯಾಣಿಕರ ನಡುವೆ ಕೂತು ಪತ್ರ ಬಿಚ್ಚಿದೆ. "ಈಕೆ ಸುಸಂಸ್ಕೃತ ಕುಟುಂಬದವಳು. ವಿಧೇಯಳು, ಮೃದುಭಾಷಿ. ಹಿರಿಯರಿಗೆ ಎಂದೂ ಎದುರಾಡಿದವಳಲ್ಲ. ಅಡುಗೆಯಲ್ಲೂ ಆಸಕ್ತಿಯಿದೆ." ಇಂಗ್ಲಿಷಿನಲ್ಲಿ, ಮುದ್ದಾದ ಅಕ್ಷರದಲ್ಲಿ, ಇಡೀ ಒಂದು ಪುಟ. ವಿಮಾನ ಎಂಬ ಪದ ಒಮ್ಮೆ ಮಾತ್ರ ಬಂದಿತ್ತು. ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದುಕೊಂಡು ಮೇಷ್ಟ್ರ ಮನೆಗೇ ವಾಪಸು ಹೋದೆ.

"ಸರ್, ಇದು ಗಂಡಿನ ಮನೆಯವರಿಗೆ ಕೊಡೋ ಲೆಟರ್. ನಾನು ಅಪ್ಲೈ ಮಾಡ್ತಿರೋದು ಪೈಲಟ್ ಪೋಸ್ಟ್‌ಗೆ."

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಒಳ್ಳೇದನ್ನೇ ಬರ್ದಿದೀನಲ್ಲಮ್ಮ? ಆರ್ಮಿಯಲ್ಲಿ ಒಬೀಡಿಯನ್ಸ್ ಮುಖ್ಯ. ನಿನ್ನ ಕ್ಲಾಸ್‌ಮೇಟ್‌ಗೂ ಹೀಗೇ ಬರ್ಕೊಟ್ಟಿದ್ದೆ, ಬೇಕಾದ್ರೆ ನೋಡು" ಎನ್ನುತ್ತಾ ಹಳೆಯ ಪತ್ರಗಳ ಫೈಲು ತೆಗೆದು, ಒಂದು ನಕಲನ್ನು ನನ್ನ ಕೈಗಿಟ್ಟರು. ಅದು ಪೈಲಟ್ ತರಬೇತಿಗೆ ಹೋದ ನನ್ನ ಸಹಪಾಠಿಯದು. "ನಾಯಕತ್ವದ ಗುಣವಿದೆ. ತಕ್ಷಣ ನಿರ್ಧಾರ ತೆಗೆದುಕೊಳ್ಳುವ ಧೈರ್ಯವಿದೆ." ಪ್ರಯೋಗದ ಲೆಕ್ಕವನ್ನೆಲ್ಲ ನನ್ನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದವನು ಅವನು. ಓದಿ ಅವರ ಮುಂದೆ ಹಿಡಿದೆ. ಅವರೂ ಓದಿದರು. ನಕಲನ್ನು ಮತ್ತೆ ಫೈಲಿನೊಳಗೆ ಸೇರಿಸಿದರು.

"ಅವ್ನು ಹುಡುಗ ಅಲ್ವೇನಮ್ಮ," ಅಂದರು ಕೊನೆಗೆ.

"ಹಾಗಾದ್ರೆ ಈ ಲೆಟರ್ ನಂಗೆ ಬೇಡ ಸರ್."

"ಇಷ್ಟು ಕೋಪ ಇಟ್ಕೊಂಡು ಪ್ಲೇನ್ ಓಡಿಸ್ತೀಯಾ?"

ಪತ್ರವನ್ನು ಟೀಪಾಯಿಯ ಮೇಲಿಟ್ಟು ಎದ್ದೆ. ಅವರ ಹೆಂಡತಿ ಬಾಗಿಲವರೆಗೂ ಬಂದು ನನ್ನ ಕೈ ಒತ್ತಿದರು. ಅದು ಸಮಾಧಾನವೋ ಶಹಬಾಸ್‌ಗಿರಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಸೋಮವಾರ ಹ್ಯಾಂಗರಿನಲ್ಲಿ ನಮ್ಮ ಕಂಪನಿಯ ಹಿರಿಯ ಎಂಜಿನಿಯರನ್ನು ಶಿಫಾರಸು ಪತ್ರ ಕೇಳಿದೆ. ಕಿಸುಮು ಕಡೆಯವರು, ಹೆಚ್ಚು ಮಾತಿಲ್ಲ. "ಸವಾ", ಆಗಲಿ, ಎಂದು ಕೈ ಒರೆಸಿಕೊಂಡು ಅಲ್ಲೇ ನಿಂತು ನಾಲ್ಕು ಸಾಲು ಬರೆದರು: "ಒಮ್ಮೆ ಇವರು ಹಾರಾಟಕ್ಕೆ ಮುನ್ನ ಪರೀಕ್ಷೆಗೆ ತೆಗೆದ ಇಂಧನದಲ್ಲಿ ನೀರಿನ ಹನಿ ಕಂಡು, ಹೊರಡುವುದಿಲ್ಲ ಎಂದರು. ಪ್ರಯಾಣಿಕರು ಕೂಗಾಡಿದರು, ಮ್ಯಾನೇಜರ್ ಒತ್ತಾಯಿಸಿದರು. ಇವರು ಕದಲಲಿಲ್ಲ. ಟ್ಯಾಂಕ್ ಖಾಲಿ ಮಾಡಿಸಿ ನೋಡಿದೆ, ಇವರ ಮಾತು ಸರಿಯಿತ್ತು; ಹಾರಿದ್ದರೆ ಎಂಜಿನ್ ನಿಲ್ಲುತ್ತಿತ್ತು." ಅದನ್ನೇ ಫೈಲಿಗೆ ಸೇರಿಸಿ ಕೊಟ್ಟು ಬಂದೆ.

ಸಂದರ್ಶನದಲ್ಲಿ ಅಧಿಕಾರಿಗಳು ಬಹಳ ಹೊತ್ತು ಕೆದಕಿದ್ದು ಆ ನೀರಿನ ಹನಿಯನ್ನೇ. ಆಯ್ಕೆಯಾದೆ.

ಆದರೆ ಇಲ್ಲಿನ ನಮ್ಮ ಕನ್ನಡದವರ ನಡುವೆ ಹಬ್ಬಿದ ಸುದ್ದಿ ಬೇರೆ: ಅವಳು ಮೇಷ್ಟ್ರಿಗೆ ಎದುರಾಡಿದಳಂತೆ. ಅಮ್ಮನಿಗೂ ಅದೇ ಚಿಂತೆ. "ಒಂದ್ಸಲ ಫೋನ್ ಮಾಡಿ ಸಾರಿ ಅಂದ್ಬಿಡೆ. ಪಾಪ, ವಯಸ್ಸಾದವ್ರು."

"ಏನಕ್ಕೆ ಸಾರಿ ಅಂತ ನೀನೇ ಹೇಳಮ್ಮ, ಮಾಡ್ತೀನಿ."

ಅಮ್ಮ ಇನ್ನೂ ಹೇಳಿಲ್ಲ. ನಾನೂ ಫೋನ್ ಮಾಡಿಲ್ಲ.