ಭಾವ ನಂಬದ ದೇವಸ್ಥಾನ

ಅರಕಲಗೂಡು ಕಡೆಯ ಹತ್ತು ಮಂದಿ ರೈತರು ಬೇಸಾಯ ನೋಡಲೆಂದು ಜಪಾನಿಗೆ ಹೊರಟಾಗ, ಗೈಡಿನ ಇಂಗ್ಲಿಷನ್ನು ಕನ್ನಡದಲ್ಲಿ ತಿಳಿಸಲು ನನ್ನನ್ನೂ ಕರೆದುಕೊಂಡರು. ನಾನು ಹೊಳೆನರಸೀಪುರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಗುಂಪಿನಲ್ಲಿ ನನ್ನ ಅಕ್ಕನ ಗಂಡನೂ ಇದ್ದರು. ಕೊಣನೂರಿನ ಹತ್ತಿರ ಭತ್ತ ಬೆಳೆಯುವವರು. ಬಿತ್ತನೆ ಬೀಜವನ್ನು ಹಲ್ಲಿನಲ್ಲಿ ಕಡಿದು ನೋಡದೆ ಒಂದು ಸಲವೂ ಕೊಂಡವರಲ್ಲ.

ನಾಲ್ಕನೆಯ ದಿನ ಕಡಲ ದಂಡೆಯಲ್ಲಿದ್ದ, ಶಿಂಟೋ ಎಂಬ ಅಲ್ಲಿನ ಮತದ ಹಳೆಯ ದೇವಸ್ಥಾನಕ್ಕೆ ಹೋದೆವು. ಮೀನುಗಾರರಿಗೂ ರೈತರಿಗೂ ಇದೊಂದೇ ದೇವರು ಎಂದ ಗೈಡ್. ಬಾಗಿಲ ಬಳಿ ನೀರಿನಿಂದ ಕೈ ತೊಳೆದು ಬಾಯಿ ಮುಕ್ಕಳಿಸಬೇಕಿತ್ತು. ಭಾವ ಕೈ ಮಾತ್ರ ತೊಳೆದರು. ಒಳಗೆ ಮೂರ್ತಿ ಇರಲಿಲ್ಲ, ಬಿಳಿಯ ಪರದೆ ಇತ್ತು.

“ನಮ್ ದೊಡ್ಡಗದ್ದವಳ್ಳಿ ಗುಡೀಲಿ ಲಕ್ಷ್ಮಿ ಎದುರ್ಗೇ ಕಾಣ್ತಾಳೆ. ಇವ್ರು ಏನ್ಲಾ ಮುಚ್ಚಿಟ್ಟವ್ರೆ?” ಎಂದರು ಭಾವ.

ಅರ್ಚಕರು ತಟ್ಟೆಯಲ್ಲಿ ಅಕ್ಕಿ, ಉಪ್ಪು, ಕಡಲ ಪಾಚಿ, ಒಂದು ಇಡೀ ಮೀನು ಇಟ್ಟು ನೈವೇದ್ಯಕ್ಕೆ ಹೊತ್ತು ಹೋದರು. ಅಕ್ಕಿ ದೇವಸ್ಥಾನದ ಗದ್ದೆಯದೇ, ಕಡಲ ಪಾಚಿಯೇ ಅದಕ್ಕೆ ಗೊಬ್ಬರ ಎಂದು ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ.

“ಆವಯ್ಯ ಅಷ್ಟುದ್ದ ಏಳ್ದ, ನೀನ್ ಇಷ್ಟೇ ಏಳ್ತೀಯ. ಪಾಚಿ ಉಪ್ಪು ಬಿದ್ದ ಗದ್ದೇಲಿ ಪೈರು ಬದುಕ್ತದಾ? ಕಿವಿ ಮೇಲೆ ಹೂ ಇಡ್ಬ್ಯಾಡ.”

“ಇಲ್ಲ ಭಾವ, ಅವನು ಹೇಳಿದ್ದೇ ಅಷ್ಟು.”

ಬಸ್ಸು ಹತ್ತುವ ಹೊತ್ತಿಗೆ ಭಾವ ಕಾಣೆಯಾಗಿದ್ದರು. ಪರದೆ ಸರಿಸಲು ಹೋದರೇನೋ ಎಂದು ಮೊದಲು ಒಳಗೆ ಇಣುಕಿದೆ. ಹುಡುಕುತ್ತಾ ದೇವಸ್ಥಾನದ ಹಿಂದಕ್ಕೆ ಹೋದರೆ, ಪ್ಯಾಂಟು ಮಡಚಿ ಗದ್ದೆಯ ಕೆಸರಿನಲ್ಲಿ ನಿಂತಿದ್ದರು. ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಮತ್ತೆ ಹಚ್ಚಿ, ಉಗುಳಿದರು. ಬದುವಿನ ಮೇಲೆ ಒಬ್ಬ ಮುದುಕ ನಗುತ್ತಾ ನಿಂತಿದ್ದ. ಅವನು ಪಾಚಿಯ ಗುಡ್ಡೆಯನ್ನು ತೋರಿಸಿ, ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಆಡಿಸುತ್ತಾ ಮಳೆಯ ಸನ್ನೆ ಮಾಡಿದ.

“ಮಳೇಲಿ ಬುಡ್ತಾರೆ ಕಣ್ಲಾ! ಉಪ್ಪೆಲ್ಲಾ ತೊಳ್ಕೊಂಡ್ ಓದ್ಮೇಲೆ ಗದ್ದೆಗೆ ಆಕ್ತಾರೆ. ಇದನ್ನ ಆವಯ್ಯ ಏಳ್ಲಿಲ್ವಾ?”

ಗೈಡ್ ಹೇಳಿದ್ದ. ಬಿಸಿಲಿಗೆ ಬೇಸತ್ತು ನಾನೇ ಬಿಟ್ಟಿದ್ದೆ. ಒಪ್ಪಿಕೊಂಡೆ. ಭಾವ ಬೈಯದೆ ಗದ್ದೆಯಿಂದ ಮೇಲೆ ಬಂದರು. ಬೈದಿದ್ದರೇ ವಾಸಿಯಿತ್ತು.

ಕಾಲು ತೊಳೆದುಕೊಂಡು ಭಾವ ದೇವರ ಮುಂದೆ ನಿಂತರು. ಅಲ್ಲಿಯವರಂತೆ ಎರಡು ಸಲ ಬಾಗಿದರು, ಎರಡು ಸಲ ಚಪ್ಪಾಳೆ ತಟ್ಟಿದರು. ಕೈ ಮುಗಿದಾಗಲೂ ಕಣ್ಣು ಮಾತ್ರ ಮುಚ್ಚಲಿಲ್ಲ. ಗಾಳಿಗೆ ಪರದೆ ಒಂದಿಷ್ಟು ಸರಿದೀತೇ ಎಂದು ನೋಡುತ್ತಲೇ ಇದ್ದರು.