ಸಮುದ್ರದ ತಳ ಹಸನು ಮಾಡಿದವರು

ಸಮುದ್ರವನ್ನೇ ನೋಡದವರ ಕೈಗೆ ಸಮುದ್ರದ ತಳದ ನಕ್ಷೆ ಕೊಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಬಾಗಲಕೋಟೆಯ ನವನಗರದಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಭೂಗೋಳ ಓದಿದ ನಾನು ಇಳಕಲ್ಲಿನಿಂದ ದಿನಾ ಹುನಗುಂದದ ಮೇಲೆ ಬಸ್ಸಿನಲ್ಲಿ ಬಂದು, ಅಲ್ಲಿ ಕೂತು ಅರಬ್ಬಿ ಸಮುದ್ರವನ್ನು ತಿದ್ದುತ್ತಿದ್ದೆ. ಜೊತೆಯವರು ಕಂಡ ಅತಿ ದೊಡ್ಡ ನೀರೆಂದರೆ ಊರ ಪಕ್ಕದ ಹಿನ್ನೀರು.

ಹಡಗಿನಿಂದ ನೀರಿಗೆ ಸದ್ದು ಬಿಟ್ಟು, ಅದು ತಳಕ್ಕೆ ಬಡಿದು ಮರಳುವ ಹೊತ್ತಿನಿಂದ ಆಳ ಅಳೆಯುತ್ತಾರೆ. ಆ ಅಳತೆ ಚುಕ್ಕೆಗಳಾಗಿ ನಮ್ಮ ಪರದೆಗೆ ಬರುತ್ತಿತ್ತು. ಮೀನಿನ ಹಿಂಡಿಗೆ ತಗುಲಿದ ಸುಳ್ಳು ಚುಕ್ಕೆಗಳನ್ನು ಅಳಿಸಿ, ಎಲ್ಲಿ ಕೆಸರು, ಎಲ್ಲಿ ಮರಳು, ಎಲ್ಲಿ ಬಂಡೆ ಎಂದು ಗುರುತಿಸುವುದು ನಮ್ಮ ಕೆಲಸ. ಆ ಸಲ ಕೆಲಸ ಕೊಟ್ಟವರು ಒಂದು ಬಂದರಿನವರು; ನಮ್ಮ ನಕ್ಷೆ ನೋಡಿ, ಅಲ್ಲಿಂದ ಎತ್ತಿದ ಹೂಳನ್ನು ಎಲ್ಲಿ ಸುರಿಯಬೇಕೆಂದು ತೀರ್ಮಾನಿಸುವವರಿದ್ದರು. ಬಂಡೆ ಇದ್ದಲ್ಲಿ ಸುರಿಯುವಂತಿಲ್ಲ. ಮೀನುಗಳು ಅಲ್ಲೇ ಮನೆ ಮಾಡಿರುತ್ತವೆ.

ನಮ್ಮ ಮಾಲೀಕರು ಗುಡೂರಿನ ಎರೆಹೊಲದವರು. ಒಳ್ಳೆಯ ಹೊಲವೆಂದರೆ ಕಲ್ಲಿಲ್ಲದ ಸಪಾಟು ಹೊಲ ಎಂಬುದು ಅವರಿಗೆ ತಾಯಿಹಾಲಿನ ಜೊತೆ ಬಂದ ಜ್ಞಾನ. ಅದನ್ನೇ ಸಮುದ್ರಕ್ಕೂ ಹಚ್ಚಿದರು. ಕೆಸರಿನ ಬಯಲ ನಡುವೆ ಎದ್ದು ನಿಂತ ಬಂಡೆಗಳ ಗುಂಪನ್ನು ನನ್ನ ಪರದೆಯಲ್ಲಿ ಕಂಡು, ಹಾಗಲಕಾಯಿ ಕಡಿದವರ ಹಾಗೆ ಮುಖ ಮಾಡಿದರು.

"ಇದೇನ್ರಿ ಇದು, ಹೊಲದಾಗ ಕಲ್ಲ ಬಿದ್ದಂಗ? ತಗೀರಿ. ನಕ್ಷಾ ಹಸನ ಇರಬೇಕು."

"ಖರೇನ ಕಲ್ಲ ಅದಾವ್ರಿ ಸರ್. ಹಡಗ ಎರಡ ಸಲ ಹಾದೈತಿ, ಎರಡೂ ಸಲ ಅದ ಜಾಗಾದಾಗ ಕಂಡಾವು. ಮೀನಾಗಿದ್ರ ಸರದ ಹೋಗ್ತಿದ್ವು."

"ನೀವು ಹೋಗಿ ನೋಡೀರೇನು?"

ನಾನು ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ಆದರೆ ಮಾಲೀಕರ ಕುರುಡುತನಕ್ಕೆ ತೂಕ ಹೆಚ್ಚು.

ಮರುದಿನ ಎಳ್ಳು ಅಮಾವಾಸ್ಯೆ. ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಲು ಮಾಲೀಕರು ಕಚೇರಿಯವರನ್ನೆಲ್ಲ ತಮ್ಮ ಹೊಲಕ್ಕೆ ಕರೆದೊಯ್ದರು. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿಯೇ ಊಟಕ್ಕೆ ಕೂರುವುದು. ಆ ಹೊಲದಲ್ಲಿ ಐದಿರಲಿ, ಒಂದು ಕಲ್ಲೂ ಸಿಗಲಿಲ್ಲ. ಯಂತ್ರ ತರಿಸಿ ಅಷ್ಟು ಹಸನು ಮಾಡಿಸಿದ್ದರು. ಹಸಿವು ಕಾಯುವುದಿಲ್ಲವಲ್ಲ, ಮಾಲೀಕರೇ ಪ್ಯಾಂಟು ಮಡಚಿ, ಬದು ದಾಟಿ ಪಕ್ಕದ ಹೊಲಕ್ಕೆ ಕಲ್ಲು ಆರಿಸಲು ಹೋದರು. ಆ ಹೊಲದ ಅಜ್ಜಿ ನಕ್ಕಳು: "ದೇವ್ರನ್ನೂ ಕಡಾ ಒಯ್ಯಾಕ ಬಂದಿ ಏನೋ ತಮ್ಮಾ?"

ನನಗೆ ಬಾಯಿ ತಡೆಯಲಾಗಲಿಲ್ಲ. "ಸರ್, ಪಾಂಡವ್ರಿಗೇ ಕಲ್ಲ ಸಿಗವಲ್ದು, ಮೀನಿನ ಗತಿ ಏನ್ರಿ?" ಎಂದೆ.

ಪೂಜೆ ಮುಗಿಸಿ ಊಟಕ್ಕೆ ಕೂತ ಮೇಲೆ ಅವರು ಶೇಂಗಾ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಹೇಳಿದರು: "ಹೊಲಾ ಬ್ಯಾರೆ, ಕೆಲಸ ಬ್ಯಾರೆ."

ಮರುದಿನ ನಾನು ಅಳಿಸುವುದಿಲ್ಲವೆಂದು ಕೈಕಟ್ಟಿ ಕೂತಾಗ, ಮಾಲೀಕರು ಪಕ್ಕದ ಕುರ್ಚಿಯವನ ಕೈಯಿಂದ ಬಂಡೆಗಳನ್ನೆಲ್ಲ ಅಳಿಸಿಹಾಕಿಸಿ ನಕ್ಷೆ ಕಳಿಸಿದರು. ಬಂಡೆಗಳಿದ್ದ ನಕ್ಷೆಯನ್ನು, ಹಡಗಿನ ಎರಡೂ ಸಲದ ಅಳತೆ ಸಮೇತ, ಕೆಲಸ ಕೊಟ್ಟವರಿಗೆ ನಾನೇ ಕಳಿಸಿದೆ. ಅವರು ಸಂಜೆಯೊಳಗೆ ಫೋನು ಮಾಡಿ ಮಾಲೀಕರನ್ನು ವಿಚಾರಿಸಿದರು. ಫೋನು ಇಟ್ಟವರೇ ಮಾಲೀಕರು, "ನಾಳಿಂದ ಬರಬ್ಯಾಡ್ರಿ" ಎಂದರು.

ಕೆಲವು ತಿಂಗಳ ಮೇಲೆ ಅನುಭವದ ಪತ್ರ ಕೇಳಲು ಹೋದೆ. ಬಾಗಿಲ ಎದುರಿನ ಗೋಡೆಯಲ್ಲಿ ನನ್ನ ನಕ್ಷೆ, ಬಂಡೆಗಳ ಸಮೇತ, ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಹೂಳನ್ನು ಬೇರೆ ಕಡೆ ಸುರಿಯುವುದೆಂದು ತೀರ್ಮಾನವಾಗಿ, ಕಚೇರಿಗೆ ಭಾರೀ ಹೊಗಳಿಕೆ ಬಂದಿತ್ತಂತೆ. ಮಾಲೀಕರು ಆ ನಕ್ಷೆಯನ್ನು ಯಾರೋ ಇಬ್ಬರು ಅತಿಥಿಗಳಿಗೆ ತೋರಿಸುತ್ತಿದ್ದರು.

"ನಮ್ಮ ಕಣ್ಣಿಗೆ ಬಿತ್ತು, ಚೊಲೋ ಆತು. ಇಲ್ಲಂದ್ರ ಆ ಮೀನೆಲ್ಲಾ ಮಣ್ಣಾಗ ಹೋಗ್ತಿದ್ವು ನೋಡ್ರಿ."

ತಿರುಗಿದವರು ನನ್ನನ್ನು ಕಂಡರು. ತಡವರಿಸಲೂ ಇಲ್ಲ. ಅತಿಥಿಗಳಿಗೆ ನನ್ನತ್ತ ಕೈ ತೋರಿಸಿ ಹೇಳಿದರು:

"ಇವ್ರೂ ನಮ್ಮ ಕೈಯಾಗನ ಕಲತವ್ರು."