ಗೋಡೆ ಪಕ್ಕದ ಜಾಗ

“ಎರಡು ಕೈಯಲ್ಲೂ ಹಿಡ್ಕೊಂಡು ತಿನ್ನೋ ವಸ್ತು ಕಣ್ರೇ ಅದು, ಬರ್ಗರ್ ಅಂತ. ಇಟ್ಟಿಗೆ ಪೇರಿಸಿದ ಹಾಗೆ ಎತ್ತರ. ಬೀಳಬಾರದು ಅಂತ ನಡುವೆ ಒಂದು ಕಡ್ಡಿ ಚುಚ್ಚಿರ್ತಾರೆ. ನನ್ನ ತೊಡೆ ಮೇಲೆ ಮಗು, ಒಂದು ಕೈ ಅದರ ಬೆನ್ನಿಗೆ ಹೋಯ್ತು. ಉಳಿದ ಒಂದು ಕೈಯಲ್ಲಿ ಎತ್ತಿದ್ರೆ ಒಳಗಿರೋದೆಲ್ಲ ಜಾರುತ್ತೆ, ಬಿಟ್ರೆ ಆರೋಗುತ್ತೆ. ಅಲ್ಲೇ ಅಂದ್ಕೊಂಡೆ, ಇವತ್ತಿಗೆ ನನ್ನ ಕಥೆ ಮುಗೀತು ಅಂತ.”

ಕಾಜಕ್ಕ ಇದನ್ನು ನಗುತ್ತಲೇ ಹೇಳುತ್ತಾಳೆ. ಅಂಗಿಗೆ ಕಾಜ, ಅಂದರೆ ಗುಂಡಿ ತೂರಿಸುವ ತೂತು, ಹಾಕಿ ಹಾಕಿ ಆ ಹೆಸರು ಬಂತು. ಬಟ್ಟೆ ಸವೆದರೂ ಅವಳು ಹಾಕಿದ ಕಾಜ ಬಿಡುವುದಿಲ್ಲ. ಅತ್ತಿಗೆ ಕಾಯಿಲೆ ಬಿದ್ದಾಗ ನಾಲ್ಕು ದಿನದ ಮಟ್ಟಿಗೆಂದು ಅಣ್ಣನ ಮನೆಗೆ ಬಂದವಳು. ಅತ್ತಿಗೆ ತೀರಿಕೊಂಡಳು, ಇವಳು ಉಳಿದಳು. ಅಣ್ಣನ ಮಗನಿಗೆ ಆಗ ಹತ್ತು ವರ್ಷ. ಅವನನ್ನು ಬೆಳೆಸಿ, ಮದುವೆ ಮಾಡಿ, ಸೊಸೆಯ ಬಾಣಂತನವನ್ನೂ ಮುಗಿಸಿದಳು. ಆ ಹೊತ್ತಿಗೆ ಒಂದು ದೊಡ್ಡ ಹೊಲಿಗೆ ಅಂಗಡಿಯ ಯಜಮಾನಿ ಕರೆದಿದ್ದಳು. ಕೆಲಸ, ಅಂಗಡಿಯ ಮೇಲೆ ಒಂದು ಕೋಣೆ, ಆ ಕೋಣೆಗೆ ತನ್ನದೇ ಬೀಗ. ಮರುದಿನ ಬೆಳಿಗ್ಗೆ ಹತ್ತರೊಳಗೆ ಹೇಳಬೇಕು. ಮನೆಯಲ್ಲಿ ಅವಳಿನ್ನೂ ಬಾಯಿ ಬಿಟ್ಟಿರಲಿಲ್ಲ.

ಆ ಸಂಜೆಯೇ ಎಲ್ಲರೂ ಬರ್ಗರ್ ತಿನ್ನಲು ಒಂದು ದೊಡ್ಡ ಹೋಟೆಲಿಗೆ ಹೊರಟರು. ತೂಗುವ ಹಿತ್ತಾಳೆ ದೀಪ, ಮೆತ್ತನೆಯ ಚರ್ಮದ ಸೋಫಾ, ಪಿಸುಮಾತಿನ ಜನ.

“ಅತ್ತೆ, ಗೋಡೆ ಪಕ್ಕ ಕೂತ್ಕೊಳ್ಳಿ, ಆರಾಮಾಗಿರುತ್ತೆ,” ಎಂದ ಅಣ್ಣನ ಮಗ. ಸೊಸೆ ಪಕ್ಕದಲ್ಲಿ ಕುಳಿತು ಮಗುವನ್ನು ಅವಳ ತೊಡೆಗೆ ದಾಟಿಸಿದಳು. ಮಾಣಿ ಬಂದು ತಟ್ಟೆಗಳನ್ನಿಟ್ಟ. ಅವನ ಅಂಗಿಯ ಕಾಜಗಳು ಆಗಲೇ ದಾರ ಬಿಟ್ಟಿದ್ದವು.

ಅಣ್ಣ ಬಾಯಿ ಒರೆಸಿಕೊಂಡು ಸೊಸೆಯನ್ನು ತೋರಿಸಿದ. “ಸೋಮವಾರದಿಂದ ಇವಳು ಆಫೀಸಿಗೆ ಹೋಗ್ತಾಳೆ. ಮಗೂದೇನು ಚಿಂತೆ ಇಲ್ಲ, ನೀನಿದ್ದೀಯಲ್ಲ.”

“ನನಗೂ ಕೆಲಸ ಸಿಕ್ಕಿದೆ ಅಣ್ಣ.”

“ಮನೇಲಿರೋ ಕೆಲಸ ಸಾಲ್ದಾ ನಿನಗೆ?”

ಎಲ್ಲರೂ ನಕ್ಕರು.

“ತಮಾಷೆ ಅಲ್ಲ. ಇರೋಕೆ ಕೋಣೆನೂ ಕೊಡ್ತಾರೆ.”

ನಗು ನಿಂತಿತು. ಅಣ್ಣನ ಮಗ ಕೈಯಲ್ಲಿದ್ದುದನ್ನು ತಟ್ಟೆಗಿಟ್ಟ. “ನಾವೇನಾದ್ರೂ ತಪ್ಪು ಮಾಡಿದ್ವಾ ಅತ್ತೆ?”

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಎದ್ದು ಹೊರಗೆ ಗಾಳಿಗೆ ಹೋಗೋಣವೆಂದರೆ ಸೊಸೆ ಏಳಬೇಕು, ಚೀಲ ಎತ್ತಬೇಕು, ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು.

“ಇಲ್ಲಪ್ಪ. ತಿನ್ನು ನೀನು.”

ಸೊಸೆ ಕಾಜಕ್ಕನ ಬರ್ಗರನ್ನು ಚೂರು ಮಾಡಿ, ಮುಳ್ಳುಚಮಚದಲ್ಲಿ ಒಂದು ತುಣುಕು ಅವಳ ಬಾಯಿಗಿಟ್ಟಳು. “ಹೇಗಿದೆ?”

“ಚೆನ್ನಾಗಿದೆ.”

ನಿಜಕ್ಕೂ ಚೆನ್ನಾಗಿತ್ತು. ಅದೇ ಕಷ್ಟವಾಗಿದ್ದು.

ಬೆಳಿಗ್ಗೆ ಹತ್ತಕ್ಕೆ ಯಜಮಾನಿಯ ಫೋನ್ ಬಂತು. “ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ತಾಯಿ,” ಎಂದಳು ಕಾಜಕ್ಕ. ಯಜಮಾನಿ ಏಕೆಂದು ಕೇಳುವಷ್ಟರಲ್ಲಿ ಒಳಗೆ ಮಗು ಎದ್ದಿತು. ಅದಕ್ಕೆ ಹಾಲು ಕುಡಿಸಿ ಮಲಗಿಸಿದಳು. ಆಮೇಲೆ ಬಕೆಟ್ಟಿನಲ್ಲಿ ನೆನೆಹಾಕಿದ್ದ ಮಗುವಿನ ಬಟ್ಟೆಗಳನ್ನು ಹಿಂಡಿ, ಒಂದೊಂದನ್ನೇ ಕೊಡವಿ ಹಗ್ಗಕ್ಕೆ ಹಾಕತೊಡಗಿದಳು.